ಕಾಣದ ದೆವ್ವವೇ ಹೆಚ್ಚು ಹೆದರಿಸುತ್ತದೆ

ರಾತ್ರಿ ಕರೆಂಟು ಹೋಗಿದೆ. ಅಟ್ಟದ ಮೇಲೆ ಏನೋ ಸದ್ದು. ಬೆಕ್ಕೋ ಇಲಿಯೋ ಇರಬೇಕು ಎಂದು ಬುದ್ಧಿ ಹೇಳುತ್ತದೆ. ಆದರೆ ಎದೆ ಕೇಳಬೇಕಲ್ಲ! ಟಾರ್ಚ್ ಹಾಕಿ ಬೆಕ್ಕನ್ನು ಕಂಡ ಕೂಡಲೇ ಭಯ ಹೋಗಿ ನಗು ಬರುತ್ತದೆ. ಕಂಡದ್ದಕ್ಕಿಂತ ಕಾಣದ್ದೇ ನಮ್ಮನ್ನು ಹೆಚ್ಚು ಹೆದರಿಸುತ್ತದೆ. ಈ ಸಣ್ಣ ಸತ್ಯವನ್ನು ನಂಬಿಕೊಂಡೇ ರಾಬರ್ಟ್ ವೈಸ್ ಎಂಬ ಅಮೆರಿಕದ ನಿರ್ದೇಶಕರು 1963ರಲ್ಲಿ ‘ದಿ ಹಾಂಟಿಂಗ್’ ಎಂಬ ಚಿತ್ರ ಮಾಡಿದರು.

ಈ ವೈಸ್ ಬೇರಾರೂ ಅಲ್ಲ, 1965ರ ‘ದಿ ಸೌಂಡ್ ಆಫ್ ಮ್ಯೂಸಿಕ್’ ಚಿತ್ರದ ನಿರ್ದೇಶಕರೇ. ಏಳು ಮಕ್ಕಳನ್ನು ಬೆಟ್ಟದ ಮೇಲೆ ಹಾಡಿಸಿದವರು ಅದಕ್ಕೆ ಎರಡು ವರ್ಷ ಮೊದಲು ಜನರನ್ನು ನಡುಗಿಸಿದ್ದರು! ವೃತ್ತಿಯ ಆರಂಭದಲ್ಲಿ ಅವರು ಸಂಕಲನಕಾರರು. 1941ರ ಪ್ರಸಿದ್ಧ ಚಿತ್ರ ‘ಸಿಟಿಜನ್ ಕೇನ್’ ಅವರ ಕತ್ತರಿಯಿಂದಲೇ ಹೊರಬಂದದ್ದು. ಆಮೇಲೆ ವಾಲ್ ಲ್ಯೂಟನ್ ಎಂಬ ನಿರ್ಮಾಪಕರ ಬಳಿ ಕೆಲಸ ಮಾಡಿದರು. ಲ್ಯೂಟನ್ನರದು ಕಡಿಮೆ ಖರ್ಚಿನ ಭಯಾನಕ ಚಿತ್ರಗಳು. ಅಲ್ಲಿ ನೆರಳು ಮತ್ತು ಸದ್ದುಗಳೇ ದೆವ್ವದ ಕೆಲಸ ಮಾಡುತ್ತಿದ್ದವು.

‘ದಿ ಹಾಂಟಿಂಗ್’ ಚಿತ್ರಕ್ಕೆ ಆಧಾರ, ಶರ್ಲಿ ಜ್ಯಾಕ್ಸನ್ 1959ರಲ್ಲಿ ಪ್ರಕಟಿಸಿದ ಕಾದಂಬರಿ. ಹಿಲ್ ಹೌಸ್ ಎಂಬ ಹಳೆಯ ಬಂಗಲೆಯಲ್ಲಿ ದೆವ್ವವಿದೆಯೇ ಎಂದು ಪರೀಕ್ಷಿಸಲು ಡಾ. ಮಾರ್ಕ್‌ವೇ ಮೂವರನ್ನು ಜೊತೆಗಿಟ್ಟುಕೊಂಡು ಅಲ್ಲಿ ತಂಗುತ್ತಾರೆ. ಕಥೆ ನಡೆಯುವುದು ಅಮೆರಿಕದಲ್ಲಿ. ಚಿತ್ರೀಕರಣ ನಡೆದದ್ದು ಇಂಗ್ಲೆಂಡಿನಲ್ಲಿ. ಹೊರನೋಟಕ್ಕೆ ಎಟಿಂಗ್ಟನ್ ಪಾರ್ಕ್ ಎಂಬ ಬಂಗಲೆ, ಒಳಗಿನ ಕೋಣೆಗಳಿಗೆ ಬೋರ್‌ಹ್ಯಾಮ್‌ವುಡ್‌ನ ಸ್ಟುಡಿಯೋ. ಬಣ್ಣದ ಚಿತ್ರಗಳ ಕಾಲದಲ್ಲೂ ವೈಸ್ ಕಪ್ಪು ಬಿಳುಪನ್ನೇ ಆರಿಸಿಕೊಂಡರು. ಬಂಗಲೆ ಭಯಂಕರವಾಗಿ ಕಾಣಲೆಂದು ಇನ್‌ಫ್ರಾರೆಡ್ ಫಿಲ್ಮ್ ಬಳಸಿದರು. ಇನ್ನೂ ಪೂರ್ಣ ಸಿದ್ಧವಾಗಿರದ, ಗೋಡೆಗಳನ್ನು ಡೊಂಕಾಗಿ ತೋರಿಸುವ ಲೆನ್ಸನ್ನು ಬೇಕೆಂದೇ ತರಿಸಿಕೊಂಡರು.

ಇಡೀ ಚಿತ್ರದಲ್ಲಿ ಒಂದೇ ಒಂದು ದೆವ್ವವೂ ಕಣ್ಣಿಗೆ ಬೀಳುವುದಿಲ್ಲ. ಗೋಡೆಯಾಚೆ ದಡದಡ ಬಡಿತ. ಮುಚ್ಚಿದ ಬಾಗಿಲು ಉಸಿರಾಡುವಂತೆ ಒಳಕ್ಕೆ ಉಬ್ಬುತ್ತದೆ. ಆ ಬಾಗಿಲು ಪದರ ಪದರವಾಗಿ ಅಂಟಿಸಿದ ಮರದ್ದು. ಹಿಂದೆ ನಿಂತು ಅದನ್ನು ತಳ್ಳಿದವನು ಸ್ಟುಡಿಯೋದ ಒಬ್ಬ ಕೆಲಸಗಾರ, ಅಷ್ಟೇ! 1999ರಲ್ಲಿ ಇದೇ ಕಥೆಯನ್ನು ಮತ್ತೆ ತೆಗೆದಾಗ ಕಂಪ್ಯೂಟರಿನ ಸಹಾಯದಿಂದ ದೆವ್ವವನ್ನು ಧಾರಾಳವಾಗಿ ತೋರಿಸಿದರು. ಭಯ ಮಾತ್ರ ಎಲ್ಲೋ ತಪ್ಪಿಸಿಕೊಂಡಿತು.

ವಿದ್ಯಾರ್ಥಿಗಳಿಗೆ ಇದರಲ್ಲೊಂದು ಪಾಠವಿದೆ. ಕಥೆ, ಪ್ರಬಂಧ ಬರೆಯುವಾಗಲೂ ಎಲ್ಲವನ್ನೂ ಹೇಳಿಬಿಡಬೇಕೆಂದಿಲ್ಲ. ಓದುವವರ ಕಲ್ಪನೆಗೂ ಸ್ವಲ್ಪ ಕೆಲಸ ಉಳಿಸಿ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬಾಗಿಲಲ್ಲ, ಎಲಿನರ್ ಎಂಬ ಹೆಣ್ಣುಮಗಳು. ಜೂಲಿ ಹ್ಯಾರಿಸ್ ಮಾಡಿದ ಪಾತ್ರವದು. ವರ್ಷಗಟ್ಟಲೆ ಕಾಯಿಲೆಯ ತಾಯಿಯ ಆರೈಕೆ ಮಾಡಿದವಳು, ಈಗ ಅಕ್ಕನ ಮನೆಯಲ್ಲಿ ಹಂಗಿನ ಬಾಳು. ಸಹಾಯ ಬೇಕಾದಾಗ ತಾಯಿ ಗೋಡೆ ಬಡಿಯುತ್ತಿದ್ದಳು. ಒಂದು ರಾತ್ರಿ ಎಲಿನರ್ ಏಳಲಿಲ್ಲ. ಆ ರಾತ್ರಿಯೇ ತಾಯಿ ತೀರಿಕೊಂಡಳು. ಈಗ ಹಿಲ್ ಹೌಸಿನ ಗೋಡೆ ಬಡಿದಾಗ ಉಳಿದವರಿಗೆ ಕೇಳುವುದು ಬರೀ ಸದ್ದು. ಅವಳಿಗೆ ಕೇಳುವುದು ತನ್ನ ತಪ್ಪು. ದೆವ್ವ ಮನೆಯಲ್ಲಿದೆಯೋ ಅವಳ ಮನಸ್ಸಿನಲ್ಲಿದೆಯೋ ಎಂಬುದನ್ನು ಚಿತ್ರ ಕೊನೆಗೂ ಬಿಡಿಸಿ ಹೇಳುವುದಿಲ್ಲ. ಅವಳ ಮಾತನ್ನು ಕುಳಿತು ಪೂರ್ತಿಯಾಗಿ ಕೇಳಿಸಿಕೊಳ್ಳುವವರು ಅಲ್ಲಿ ಒಬ್ಬರೂ ಇಲ್ಲ ಎಂಬುದಂತೂ ಖಂಡಿತ.

ಇಂಥ ಚಿತ್ರವನ್ನು ಮಕ್ಕಳು ನೋಡಬಹುದೇ ಎಂದು ತಂದೆತಾಯಂದಿರು ಕೇಳುವುದುಂಟು. ರಕ್ತಪಾತವಿಲ್ಲದಿದ್ದರೂ ಇದು ಪುಟ್ಟ ಮಕ್ಕಳಿಗಲ್ಲ. ಹೈಸ್ಕೂಲು ದಾಟಿದವರು ನೋಡಲಿ. ಅವರೊಬ್ಬರನ್ನೇ ಕೂರಿಸಬೇಡಿ, ನೀವೂ ಪಕ್ಕದಲ್ಲಿ ಕುಳಿತು ನೋಡಿ, ಮುಗಿದ ಮೇಲೆ ಒಂದಿಷ್ಟು ಮಾತಾಡಿ.

ಇನ್ನೊಂದು ಮಾತು. ರಾತ್ರಿ ಮಗ ಅಥವಾ ಮಗಳು ಬಂದು ‘ಭಯವಾಗುತ್ತೆ’ ಎಂದರೆ, ‘ದೆವ್ವ ಗಿವ್ವ ಏನೂ ಇಲ್ಲ, ಹೋಗಿ ಮಲಗು’ ಎಂದು ಅಟ್ಟಬೇಡಿ. ಅವರು ಹೆದರಿರುವುದು ದೆವ್ವಕ್ಕೇ ಎಂದು ಏಕೆ ಅಂದುಕೊಳ್ಳಬೇಕು? ಚೀಲದಲ್ಲಿ ಮಡಿಸಿಟ್ಟ ಮಾರ್ಕ್ಸ್ ಕಾರ್ಡೂ ಇರಬಹುದು, ಶಾಲೆಯಲ್ಲಿ ಯಾರೋ ಆಡಿದ ಮಾತೂ ಇರಬಹುದು. ಹತ್ತಿರ ಕೂರಿಸಿಕೊಂಡು, ‘ಏನಾಯಿತಪ್ಪಾ?’ ಎಂದು ಕೇಳಿ. ಉತ್ತರ ಬರುವುದು ತಡವಾದರೂ ಎದ್ದು ಹೋಗಬೇಡಿ.