ಎಲುಬು ಕೂಡುವ ಕಾಲ

ಪ್ರಾಯದ ಮಗ ತೊಡೆಯೆಲುಬು ಮುರಿದುಕೊಂಡು ಹಾಸಿಗೆ ಹಿಡಿದನೆಂದರೆ, ತಾಯಿಯ ಕಣ್ಣಿಗೆ ಅವನು ಮರಳಿ ತೊಟ್ಟಿಲ ಕೂಸು. ಕುಡಿಯುವ ನೀರೂ ಅವನ ಬಾಯಿಯ ಬಳಿಗೇ ಬರುತ್ತದೆ. ಮೊದಲ ದಿನಗಳಲ್ಲಿ ಅದು ಅಗತ್ಯವೇ; ಅನಂತರ ಅಲ್ಲ.

ಮುರಿದೆಡೆಯಲ್ಲಿ ಮೊದಲು ಮೆತ್ತನೆಯ ಬೆಸುಗೆ ಮೂಡುತ್ತದೆ. ಅದು ಬಲಿತು ಗಟ್ಟಿಯಾಗಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಎಲುಬು ತಾನು ಹೊರುವ ಭಾರಕ್ಕೆ ತಕ್ಕಂತೆ ರೂಪುಗೊಳ್ಳುವುದೆಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ 1892ರಲ್ಲಿಯೇ ಪ್ರತಿಪಾದಿಸಿದರು.

ಮನಸ್ಸಿನ ಧರ್ಮವೂ ಇದೇ. ವೈದ್ಯರು ಒಪ್ಪಿದಷ್ಟು ಭಾರವನ್ನು ಮಗನೇ ಹೊರಲಿ. ಊರುಗೋಲು ಕೈಗೆಟಕುವಂತಿರಲಿ, ಬಚ್ಚಲಿನ ನೆಲ ಒಣಗಿರಲಿ. ಹೆಜ್ಜೆ ಮಾತ್ರ ಅವನದಾಗಲಿ. ಮನೆಯ ಲೆಕ್ಕ, ತಂಗಿಯ ಮದುವೆಯ ಮಾತುಕತೆ ಅವನ ಮಂಚದ ಬಳಿಯಲ್ಲಿಯೇ ನಡೆಯಲಿ. ಬಿದ್ದಾನೆಂಬ ಅಂಜಿಕೆ ಹೆತ್ತವರದು. ಅದನ್ನು ನುಂಗಿಕೊಳ್ಳುವುದೇ ಈ ಶುಶ್ರೂಷೆಯ ಕಠಿಣ ಭಾಗ.