ಹೆಸರಿಲ್ಲದ ಭಾವಚಿತ್ರಗಳು

ಮನುಷ್ಯನ ಫೋಟೋವಿಗೆ ಕನ್ನಡದಲ್ಲಿ ‘ಭಾವಚಿತ್ರ’ ಎಂಬ ಸೊಗಸಾದ ಹೆಸರಿದೆ. ಮುಖವಿದ್ದಲ್ಲಿ ಭಾವವಿರುತ್ತದೆ, ಆ ಭಾವಕ್ಕೆ ಒಬ್ಬ ಒಡೆಯನೂ ಇರುತ್ತಾನೆ ಎಂಬ ನಂಬಿಕೆ ಆ ಪದದಲ್ಲಿ ಅಡಗಿದೆ ಎಂದು ನನಗೆ ತೋರುತ್ತದೆ. ಈಗ ಒಡೆಯನನ್ನು ಬಿಟ್ಟು ಭಾವವನ್ನಷ್ಟೇ ಮಾರುವ ಒಂದು ಉದ್ಯೋಗ ಬೆಳೆದಿದೆ. ಅದರ ಪರಿಚಯ ನನಗಾದ ಬಗೆಯನ್ನು ಹೇಳಬೇಕು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ವಿನ್ಯಾಸಕಾರರಿಗೆ ಬೇಕಾಗುವ ಚಿತ್ರಗಳನ್ನು ಮೊದಲೇ ತೆಗೆದು, ಅಂತರಜಾಲದ ಚಿತ್ರಭಂಡಾರಗಳಲ್ಲಿ ಮಾರಾಟಕ್ಕಿಡುವುದು ಅವನ ವೃತ್ತಿ. ಸಂಜೆಯ ಹೊತ್ತು, ಕರೆಂಟು ಹೋಗಿತ್ತು. ನಾನು ಕಿಟಕಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತಿದ್ದೆ. “ಸಾರ್, ಹಾಗೇ ಕೂತಿರಿ, ಈ ಕಡೆ ನೋಡಬೇಡಿ” ಎಂದವನೇ ಕ್ಯಾಮೆರಾ ಹಿಡಿದ. ಆಮೇಲೆ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದ. ಶಿಷ್ಯನೆಂಬ ಅಭಿಮಾನದಿಂದ ಓದದೆಯೇ ಸಹಿ ಹಾಕಿದೆ. ಓದದೆ ಸಹಿ ಹಾಕಬಾರದೆಂದು ಮಕ್ಕಳಿಗೆ ಜೀವಮಾನವೆಲ್ಲ ಬೋಧಿಸಿದವನು ನಾನು!

ಚಿತ್ರವೇನೋ ಚೆನ್ನಾಗಿಯೇ ಬಂದಿತ್ತು. ಒಂದೇ ಪಕ್ಕದಿಂದ ಬಿದ್ದ ಬೆಳಕು, ಅರ್ಧ ಮುಖದ ಮೇಲೆ ನೆರಳು, ಬೇಕೆಂದೇ ಮಂಕಾಗಿಸಿದ ಬಣ್ಣ. ಎಡಗಡೆಯ ಬರಿಯ ಗೋಡೆ ವಿನ್ಯಾಸಕಾರರು ಅಕ್ಷರಗಳನ್ನು ಕೂಡಿಸಲು ಬಿಟ್ಟ ಜಾಗವಂತೆ. ಸೂಟು ತೊಟ್ಟವರು ನಗುತ್ತ ಕೈಕುಲುಕುವ ಚಿತ್ರಗಳು ಎಲ್ಲರಿಗೂ ಸಾಕಾಗಿವೆ, ಪತ್ರಿಕೆಯ ಛಾಯಾಗ್ರಾಹಕ ತೆಗೆದಂತೆ ಕಾಣುವ ಚಿತ್ರಗಳಿಗೇ ಬೇಡಿಕೆ ಎಂದು ಅವನು ವಿವರಿಸಿದ.

ಕೆಲವು ತಿಂಗಳ ನಂತರ ಶಿವಮೊಗ್ಗದಿಂದ ತಂಗಿಯ ಮಗಳು ದೂರವಾಣಿ ಮಾಡಿ, “ಮಾವ, ನೀವು ಚೆನ್ನಾಗಿದ್ದೀರಿ ತಾನೆ?” ಎಂದು ಗಾಬರಿಯಿಂದ ಕೇಳಿದಳು. ಮಕ್ಕಳು ತೊರೆದ ವೃದ್ಧರನ್ನು ಕುರಿತ ಲೇಖನವೊಂದರ ಮೇಲೆ ನನ್ನ ಚಿತ್ರ ಅಚ್ಚಾಗಿತ್ತು. ಕರೆಂಟಿಗಾಗಿ ಕಾಯುತ್ತಿದ್ದ ಮುಖ ಮಕ್ಕಳಿಗಾಗಿ ಕಾಯುವ ಮುಖವಾಗಿಬಿಟ್ಟಿತ್ತು. ಆ ಸಂಜೆ ನನ್ನ ಮಗ ಅಡುಗೆಮನೆಯಲ್ಲಿ ಮೇಣದಬತ್ತಿ ಹಚ್ಚಿಕೊಂಡು ನಮ್ಮಿಬ್ಬರಿಗೂ ಕಾಫಿ ಮಾಡುತ್ತಿದ್ದ. ಪತ್ರಿಕೆಯನ್ನು ನೋಡಿ ಅವನು ಏನೂ ಹೇಳಲಿಲ್ಲ. ಆದರೆ ಎರಡು ದಿನ ಪೇಟೆಯ ಕಡೆ ಹೋಗಲಿಲ್ಲ.

ವಿಭಾವ, ಅನುಭಾವ, ವ್ಯಭಿಚಾರಿಭಾವಗಳು ಕೂಡಿದಾಗ ರಸ ಹುಟ್ಟುತ್ತದೆಂದು ಭರತಮುನಿಯ ಮತ. ಈ ಚಿತ್ರಗಳಲ್ಲಿರುವುದು ಬಾಗಿದ ತಲೆ, ಸೋತ ಕಣ್ಣು ಮೊದಲಾದ ಅನುಭಾವ ಮಾತ್ರ. ವಿಭಾವವನ್ನು, ಎಂದರೆ ಕಾರಣವನ್ನು, ಕೊಂಡವರು ತಮಗೆ ಬೇಕಾದಂತೆ ತುಂಬಿಕೊಳ್ಳುತ್ತಾರೆ. ಅದೇ ತಲೆ ಇಂದು ಸಾಲಕ್ಕೆ, ನಾಳೆ ಕಾಯಿಲೆಗೆ, ನಾಡಿದ್ದು ವಿಮೆಯ ಜಾಹೀರಾತಿಗೆ ಬಾಗುತ್ತದೆ.

ನಿಜವಾದ ಸುದ್ದಿಚಿತ್ರಗಳಿಂದಲೂ ನೋವಾಗಿಲ್ಲವೆ ಎಂದು ಕೇಳಬಹುದು. ಆಗಿದೆ. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ, ಬಟಾಣಿ ಕೊಯ್ಯುವ ಕೂಲಿಗಳ ಬಿಡಾರದಲ್ಲಿ, ಡೊರೊತಿಯಾ ಲ್ಯಾಂಗ್ ತೆಗೆದ ತಾಯಿ ಮಕ್ಕಳ ಚಿತ್ರ ಜಗತ್ಪ್ರಸಿದ್ಧ. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಚಿತ್ರದಿಂದ ತನಗೆ ಕಾಸಿನ ಪ್ರಯೋಜನವೂ ಆಗಲಿಲ್ಲವೆಂದು ಆಕೆ ನೊಂದುಕೊಂಡಿದ್ದರು. ಆದರೂ ಆ ಚಿತ್ರಕ್ಕೆ ಒಂದು ಸ್ಥಳ, ಒಂದು ಕಾಲ, ಒಂದು ಕಾರಣವಿತ್ತು. ಚಿತ್ರಭಂಡಾರಗಳಲ್ಲಿಯೂ ‘ಸಂಪಾದಕೀಯ ಬಳಕೆಗೆ ಮಾತ್ರ’ ಎಂದು ಗುರುತು ಹಾಕಿದ ಸುದ್ದಿಚಿತ್ರಗಳನ್ನು ಜಾಹೀರಾತಿಗೆ ಬಳಸುವಂತಿಲ್ಲ. ‘ಸಂಪಾದಕೀಯ ಶೈಲಿ’ಯ ಚಿತ್ರವೆಂದರೆ ಬೇರೆಯೇ. ಸಾಕ್ಷಿಯ ವೇಷವನ್ನು ಅದು ತೊಟ್ಟಿರುತ್ತದೆ. ಕಂಡದ್ದನ್ನೇ ಹೇಳಬೇಕೆಂಬ ಸಾಕ್ಷಿಯ ಕಟ್ಟುಪಾಡು ಮಾತ್ರ ಅದಕ್ಕಿಲ್ಲ.

ಇಷ್ಟಾದರೂ ಸಿದ್ಧಚಿತ್ರಗಳೇ ಬೇಡವೆಂದು ನಾನು ಹೇಳಲಾರೆ. ಸಣ್ಣ ಪತ್ರಿಕೆಯವರು ಪ್ರತಿ ಲೇಖನಕ್ಕೂ ಛಾಯಾಗ್ರಾಹಕನನ್ನು ಎಲ್ಲಿಂದ ತರಬೇಕು? ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯನ್ನು ಅಚ್ಚುಮೊಳೆಗಳಲ್ಲಿ ಮುದ್ರಿಸುತ್ತಿದ್ದ ಕಾಲದಲ್ಲಿ, ಮುದ್ರಣಾಲಯದಲ್ಲಿದ್ದ ಒಂದೇ ದೀಪದ ಬ್ಲಾಕನ್ನು ಶಾರದಾಪೂಜೆಯ ವರದಿಗೂ ಶ್ರದ್ಧಾಂಜಲಿಗೂ ಹಾಕುತ್ತಿದ್ದೆವು. ಯಾರಿಗೂ ಅನ್ಯಾಯವಾಗಲಿಲ್ಲ. ದೀಪಕ್ಕೆ ಮಾನಾಪಮಾನಗಳಿಲ್ಲ. ಮುಖಕ್ಕೆ ಇವೆ.

ಆದುದರಿಂದ ನನ್ನ ಕೋರಿಕೆ ಇಷ್ಟೆ. ಮಂಕು ಭಾವವೇ ಬೇಕಾದರೆ ಖಾಲಿ ಬೆಂಚು, ಮಳೆಯಲ್ಲಿ ನೆನೆದ ರಸ್ತೆ, ಆರಿದ ಕಾಫಿಯ ಲೋಟ ಸಾಲದೆ? ಮುಖವೇ ಬೇಕೆಂದಾದರೆ, ತೆಗೆಯುವವನು ಆ ಚಿತ್ರ ಎಲ್ಲೆಲ್ಲಿಗೆ ಹೋಗಬಹುದೆಂಬುದನ್ನು ಬಾಯಿಬಿಟ್ಟು ಹೇಳಿ ಒಪ್ಪಿಗೆ ಪಡೆಯಲಿ. ಬಳಸುವವರು ಕೆಳಗೆ ‘ಸಾಂದರ್ಭಿಕ ಚಿತ್ರ’ ಎಂದು ಕಾಣುವಂತೆ ಅಚ್ಚಿಸಲಿ. ಮುಜುಗರ ತರುವ ವಿಷಯಗಳಿಗೆ ಬಳಸುವಾಗ, ಚಿತ್ರದಲ್ಲಿರುವವರು ರೂಪದರ್ಶಿಗಳೆಂದು ತಿಳಿಸಬೇಕೆಂಬ ಷರತ್ತು ಗೆಟ್ಟಿ ಇಮೇಜಸ್‌ನಂತಹ ದೊಡ್ಡ ಸಂಸ್ಥೆಗಳ ಪರವಾನಗಿಯಲ್ಲಿಯೇ ಇದೆ. ಓದದೆ ಸಹಿ ಹಾಕುವವನು ನಾನೊಬ್ಬನೇ ಅಲ್ಲವೆಂದು ತೋರುತ್ತದೆ.

ವಿಷಯ ತಿಳಿದ ಶಿಷ್ಯ ಓಡಿಬಂದು ಕ್ಷಮೆ ಕೇಳಿದ. ಚಿತ್ರವನ್ನು ಮಾರಾಟದಿಂದ ತೆಗೆದ. “ಈಗಾಗಲೇ ಕೊಂಡವರ ಹತ್ತಿರ ಇರೋದು ವಾಪಸ್ ಬರೋಲ್ಲ ಸಾರ್” ಎಂದು ತಲೆ ತಗ್ಗಿಸಿದ. ಅಂದು ಅವನು ನನ್ನನ್ನೂ ಮಗನನ್ನೂ ಜೊತೆಯಲ್ಲಿ ಕೂಡಿಸಿ ಇನ್ನೊಂದು ಚಿತ್ರ ತೆಗೆದುಕೊಟ್ಟ. ಅದು ನಮ್ಮ ನಡುಮನೆಯ ಗೋಡೆಯ ಮೇಲಿದೆ. ಕೆಳಗೆ ಇಬ್ಬರ ಹೆಸರನ್ನೂ ತಾರೀಖನ್ನೂ ನಾನೇ ಬರೆದಿದ್ದೇನೆ.