ಇಂಜೆಕ್ಷನ್ ಬಿಡಿ ಎನ್ನುವವರಿಗೆ

ನನಗೆ ಪ್ರಾಸ್ಟೇಟ್ ಕ್ಯಾನ್ಸರ್, ಅದು ಮೂಳೆಗೂ ಹರಡಿದೆ, ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತೇನೆ ಎಂಬ ಸುದ್ದಿ ಹಬ್ಬಿದಂದಿನಿಂದ ಮನೆಗೆ ಬರುವ ಹಿತೈಷಿಗಳೆಲ್ಲ ವೈದ್ಯರಾಗಿಬಿಟ್ಟಿದ್ದಾರೆ. ಇಂಜೆಕ್ಷನ್ ಬಿಡಬೇಕೆಂಬುದರಲ್ಲಿ ಅವರೆಲ್ಲ ಒಂದು. ಯಾಕೆ ಬಿಡಬೇಕೆಂಬುದರಲ್ಲಿ ಒಬ್ಬರಿಗೊಬ್ಬರು ಹೊಂದುವುದಿಲ್ಲ. ಎಷ್ಟೋ ಸಲ ತಮಗೆ ತಾವೇ ಹೊಂದುವುದಿಲ್ಲ. ಓದುಗರೇ ತೂಗಿ ನೋಡಲಿ.

‘ಪಿಎಸ್‌ಎ ಇಳಿದಿದೆಯಲ್ಲ, ಕಾಯಿಲೆ ಹೋಯಿತು, ಇನ್ನೇಕೆ ಸೂಜಿ?’ ಪಿಎಸ್‌ಎ ಎಂದರೆ ಈ ಕ್ಯಾನ್ಸರಿನ ಜಾಡು ಹಿಡಿಯುವ ರಕ್ತಪರೀಕ್ಷೆಯ ಅಂಕಿ; ಅದು ಇಳಿದದ್ದು ಯಾತರಿಂದ ಎಂದು ಇವರು ಕೇಳಿಕೊಳ್ಳುವುದಿಲ್ಲ. ಈ ಕ್ಯಾನ್ಸರ್ ಬೆಳೆಯುವುದು ಟೆಸ್ಟೊಸ್ಟೆರಾನ್ ಬಲದಿಂದ. ಅದನ್ನು ತಗ್ಗಿಸಿದರೆ ರೋಗ ಹಿಮ್ಮೆಟ್ಟುತ್ತದೆಂದು ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದರು. 1966ರಲ್ಲಿ ನೊಬೆಲ್ ಪಡೆದರು. ಇಂಜೆಕ್ಷನ್ ಆ ಹಾರ್ಮೋನನ್ನು ಡೆಸಿಲೀಟರಿಗೆ 50 ನ್ಯಾನೊಗ್ರಾಂಗಿಂತ ಕೆಳಗೆ ಅದುಮಿಡುತ್ತದೆ. ಅದುಮಿದ್ದರಿಂದ ಇಳಿದ ಅಂಕಿಯನ್ನೇ ಸಾಕ್ಷಿಗೆ ನಿಲ್ಲಿಸಿ, ಅದುಮುವುದು ಬೇಡ ಎನ್ನುವ ತರ್ಕ ಇದು. ಸ್ವಲ್ಪ ಓದಿಕೊಂಡವರು ‘ನಡುನಡುವೆ ನಿಲ್ಲಿಸಬಹುದಂತೆ’ ಎನ್ನುತ್ತಾರೆ. ಪ್ರಯೋಗ ನಡೆದಿದೆ, ಹೌದು. ಹರಡಿದ ಕ್ಯಾನ್ಸರ್ ಇದ್ದವರ ಬಗ್ಗೆ 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಬಿಡದೆ ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನ 5.8 ವರ್ಷ ದಾಟಿದರು. ಬಿಟ್ಟುಬಿಟ್ಟು ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನ ದಾಟಿದ್ದು 5.1 ವರ್ಷ. ಈ ಅಂತರವೇ ಕೊನೆಯ ಮಾತೆಂದು ನಾನು ಹೇಳುವುದಿಲ್ಲ. ಆದರೆ ಬಿಡುವುದೂ ಅಷ್ಟೇ ಕ್ಷೇಮ ಎಂದು ಅದು ಸಾಬೀತು ಮಾಡಲಿಲ್ಲ. ಅಲ್ಲಿ ಬಿಟ್ಟವರೂ ರಕ್ತಪರೀಕ್ಷೆಯ ಕಾವಲಿನಲ್ಲಿ ಬಿಟ್ಟರೇ ಹೊರತು ಷಡ್ಡಕನ ಮಾತು ಕೇಳಿ ಅಲ್ಲ.

‘ಗಂಡಸುತನ ಹೋಗುತ್ತೆ.’ ಇದನ್ನು ಹೇಳುವಾಗ ದನಿ ತಗ್ಗುತ್ತದೆ, ಕಣ್ಣು ಅಡುಗೆಮನೆಯ ಕಡೆ ಹೊರಳುತ್ತದೆ. ಬಯಕೆ ಕುಗ್ಗುವುದು ನಿಜ. ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಡಿಸೆಂಬರಿನ ರಾತ್ರಿಯಲ್ಲೂ ಬನಿಯನ್ ತೊಯ್ದುಹೋಗುವುದೂ ನಿಜ. ಆದರೆ ಇದೇ ಮಹನೀಯರು ಕಾಫಿ ಲೋಟ ಕೆಳಗಿಡುವ ಮೊದಲೇ ‘ಅಲ್ಲ, ಈ ವಯಸ್ಸಲ್ಲಿ ಅದೆಲ್ಲ ಯಾಕೆ ಬಿಡಿ’ ಎಂದೂ ಸೇರಿಸುತ್ತಾರೆ. ಬೇಡದ್ದಾದರೆ, ಅದು ಹೋಗುತ್ತದೆಂದು ಚಿಕಿತ್ಸೆ ಬಿಡುವುದೇಕೆ? ಬೇಕಾದ್ದಾದರೆ, ನನ್ನನ್ನೂ ನನ್ನ ಹೆಂಡತಿಯನ್ನೂ ಕೇಳದೆ ತೀರ್ಮಾನಿಸಲು ಇವರು ಯಾರು? ನಿಜಕ್ಕೂ ಹೆದರಬೇಕಾದ್ದನ್ನು ಮಾತ್ರ ಇವರು ಎತ್ತುವುದೇ ಇಲ್ಲ. ಮೂಳೆ ಸವೆಯುತ್ತದೆ, ಸ್ನಾಯು ಕರಗಿ ಹೊಟ್ಟೆ ಬರುತ್ತದೆ, ಸಕ್ಕರೆ ಕಾಯಿಲೆ ಹೊಂಚುತ್ತದೆ, ಹೃದಯದ ಮೇಲೂ ಕಣ್ಣಿಡಬೇಕು. ಅದಕ್ಕೇ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್, ಕ್ಯಾಲ್ಸಿಯಂ, ವಿಟಮಿನ್ ಡಿ, ಭಾರ ಎತ್ತುವ ವ್ಯಾಯಾಮ. ನಾನು ನೀರು ತುಂಬಿದ ಬಾಟಲಿ ಎತ್ತಿ ಇಳಿಸುವುದನ್ನು ಕಂಡು ‘ಕಾಯಿಲೆಯವರು ಮಲಗಿರಬೇಕು’ ಎಂದು ಗದರಿದವರೂ ಇವರೇ.

‘ಗಿಡಮೂಲಿಕೆ ಸಾಕು, ಹಾರ್ಮೋನ್ ಗೀರ್ಮೋನ್ ಬೇಡ.’ ಅಮೆರಿಕದಲ್ಲಿ ಎಂಟು ಮೂಲಿಕೆಗಳ ಪಿಸಿ-ಸ್ಪೆಸ್ ಎಂಬ ಕ್ಯಾಪ್ಸೂಲ್ ಹೀಗೆಯೇ ಹೆಸರು ಮಾಡಿತ್ತು. ಪಿಎಸ್‌ಎ ಇಳಿಯುತ್ತಿತ್ತು, ಸುಳ್ಳಲ್ಲ. ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಸಿಕ್ಕಿದ್ದೇನು? ಡೈಎಥಿಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಸ್ತ್ರೀ ಹಾರ್ಮೋನ್! ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್. 2002ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದರು. ಹಾರ್ಮೋನಿಗೆ ಹೆದರಿ ಓಡಿದವರು ಲೇಬಲ್ಲಿನಲ್ಲಿಲ್ಲದ ಹಾರ್ಮೋನ್ ನುಂಗಿದ್ದರು.

‘ಎಲ್ಲ ಕಂಪನಿಗಳ ದುಡ್ಡಿನಾಟ.’ ಇಂಜೆಕ್ಷನ್ ದುಬಾರಿ, ಒಪ್ಪಿದೆ. ಕಂಪನಿಗೆ ಪದೇಪದೇ ಕಾಸು ಕೊಡದ ದಾರಿಯೊಂದಿದೆ: ವೃಷಣಗಳನ್ನು ತೆಗೆಯುವ ಸಣ್ಣ ಆಪರೇಷನ್. ಒಮ್ಮೆ ಮಾಡಿದರೆ ಮುಗಿಯಿತು, ಒಂದೆರಡು ದಿನದಲ್ಲೇ ಹಾರ್ಮೋನ್ ನೆಲ ಕಚ್ಚುತ್ತದೆ. ದುಡ್ಡೇ ಆಕ್ಷೇಪವಾಗಿದ್ದರೆ ಇದನ್ನು ಅವರೇ ಸೂಚಿಸಬೇಕಿತ್ತು. ನಾನು ಎತ್ತಿದ ಕೂಡಲೇ ಅವರಿಗೆ ಮಳೆ ಬರುವ ಹಾಗೆ ಕಂಡು, ಚಪ್ಪಲಿ ಮೆಟ್ಟಿ ಹೊರಟರು.

‘ಹೇಗಿದ್ದರೂ ಒಂದು ದಿನ ಪಿಎಸ್‌ಎ ಮತ್ತೆ ಏರುತ್ತಲ್ಲ?’ ಏರಬಹುದು. ಆಗಲೂ ಇಂಜೆಕ್ಷನ್ ಮುಂದುವರಿಸಿ, ಅದರ ಮೇಲೆ ಇನ್ನೊಂದು ಮದ್ದು ಸೇರಿಸುತ್ತಾರೆ. ಅಡ್ರಿನಲ್ ಗ್ರಂಥಿಯಲ್ಲೂ ಗೆಡ್ಡೆಯೊಳಗೂ ತಯಾರಾಗುವ ಹಾರ್ಮೋನನ್ನು ತಡೆಯುವ ಅಬಿರಾಟೆರೋನ್ ಅಂಥದ್ದು. ಅದನ್ನು ಪಿಎಸ್‌ಎ ಏರುವ ತನಕ ಕಾಯದೆ ಮೊದಲೇ ಸೇರಿಸಿದರೆ ಆಯಸ್ಸು ಹೆಚ್ಚುತ್ತದೆಂದು 2017ರಲ್ಲಿ ಎರಡು ಪ್ರಯೋಗಗಳು ತೋರಿಸಿದವು.

ಕೊನೆಯದು ವೇದಾಂತ: ‘ಈ ಕ್ಯಾನ್ಸರ್ ನಿಧಾನ, ಇದರಿಂದ ಯಾರೂ ಸಾಯುವುದಿಲ್ಲ.’ ಗ್ರಂಥಿಯೊಳಗೇ ಉಳಿದ ಎಷ್ಟೋ ಕ್ಯಾನ್ಸರುಗಳ ಮಟ್ಟಿಗೆ ಮಾತು ಸರಿ. ಬೆನ್ನುಮೂಳೆಗೆ ಇಳಿದದ್ದು ಬೇರೆ; ಅದು ಬೆನ್ನುಹುರಿಯನ್ನು ಒತ್ತಿದರೆ ಕಾಲು ಬಿದ್ದುಹೋಗಬಹುದು. ಬೆನ್ನುನೋವಿನ ಜೊತೆ ಕಾಲು ಸೋತರೆ, ಮೂತ್ರ ಕಟ್ಟಿದರೆ ಅದೇ ರಾತ್ರಿ ಆಸ್ಪತ್ರೆಗೆ ಓಡಬೇಕು ಎನ್ನುತ್ತಾರೆ ಡಾಕ್ಟರು. ಬಿಸಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿಸಿ ಎನ್ನುತ್ತಾರೆ ನನ್ನ ಹಿತೈಷಿಗಳು.